ಸೇಮಸ್ ಅರಾನ್‌ಳ ನೌಕೆ
ನಿಂಟೆಂಡೊ ಸಂಸ್ಥೆಯ ‘ಮೆಟ್ರಾಯ್ಡ್’ ವಿಡಿಯೊ ಗೇಮ್ ಸರಣಿ ಜಪಾನಿನಲ್ಲಿ 1986ರಲ್ಲಿ ಆರಂಭವಾಯಿತು. ನಾಯಕಿ ಸೇಮಸ್‌ಳ ನೌಕೆ ಆಟದೊಳಗೆ ಕಾಣಿಸಿಕೊಂಡಿದ್ದು ಮಾತ್ರ 1991ರ ‘ಮೆಟ್ರಾಯ್ಡ್ 2’ರಲ್ಲಿ, ಗೇಮ್ ಬಾಯ್‌ನ ಬಣ್ಣವಿಲ್ಲದ ಪುಟ್ಟ ಪರದೆಯ ಮೇಲೆ.

ಅದು ಬಣ್ಣ ತಳೆದದ್ದು 1994ರ ‘ಸೂಪರ್ ಮೆಟ್ರಾಯ್ಡ್’ನಲ್ಲಿ. ಕಿತ್ತಳೆ ಛಾಯೆಯ ಒಡಲು, ಮುಂದೆ ಹಸಿರು ಗಾಜು. ಆಕೆ ತೊಡುವ ಶಿರಸ್ತ್ರಾಣದ್ದೇ ರೂಪ. ಮಳೆ ಸುರಿಯುವ ಝೀಬಸ್ ಗ್ರಹದಲ್ಲಿ ಇಳಿದ ಮೇಲೆ ನೌಕೆ ಕದಲುವುದಿಲ್ಲ. ಒಳಹೊಕ್ಕರೆ ಪ್ರಾಣಶಕ್ತಿಯೂ ಕ್ಷಿಪಣಿಗಳೂ ಮತ್ತೆ ತುಂಬಿಕೊಳ್ಳುತ್ತವೆ, ಅಲ್ಲಿಯವರೆಗಿನ ಆಟವನ್ನು ಉಳಿಸಿಡಬಹುದು. ಸುರಂಗಗಳಲ್ಲಿ ದಾರಿ ತಪ್ಪಿ ಬಸವಳಿದ ಆಟಗಾರರಿಗೆ ಆ ಪರಕೀಯ ಗ್ರಹದಲ್ಲಿ ಮನೆ ಎನ್ನಬಹುದಾದ ಜಾಗ ಇದೊಂದೇ. ಇಷ್ಟು ಆಪ್ತವಾದ ನೌಕೆ ವಿಡಿಯೊ ಗೇಮ್ ಲೋಕದಲ್ಲಿ ಅಪರೂಪ. ಕೊನೆಗೆ ಗ್ರಹ ಸಿಡಿಯುವ ಮುನ್ನ, 3 ನಿಮಿಷಗಳೊಳಗೆ, ಓಡಿ ಸೇರಬೇಕಾದುದೂ ಇಲ್ಲಿಗೇ.

‘ಮೆಟ್ರಾಯ್ಡ್ ಫ್ಯೂಷನ್’ನಲ್ಲಿ (2002) ಸೇಮಸ್ ಪ್ರಜ್ಞೆ ತಪ್ಪಿದಾಗ ಈ ನೌಕೆ ಕ್ಷುದ್ರಗ್ರಹಗಳಿಗೆ ಅಪ್ಪಳಿಸಿ ನಾಶವಾಗುತ್ತದೆ. ಬದಲಿಗೆ ಸಿಗುವ ನೇರಳೆ ನೌಕೆಯಲ್ಲಿ ಮಾತನಾಡುವ ಕಂಪ್ಯೂಟರೊಂದಿದೆ. ಆಕೆ ಅದಕ್ಕೆ ತನ್ನ ಹಿಂದಿನ ದಳಪತಿ ಆ್ಯಡಮ್‌ನ ಹೆಸರಿಡುತ್ತಾಳೆ. 2007ರ ‘ಮೆಟ್ರಾಯ್ಡ್ ಪ್ರೈಮ್ 3’ರಲ್ಲಿ ಆಟಗಾರರು ದೂರದಿಂದಲೇ ನೌಕೆಗೆ ಆಜ್ಞೆ ಕೊಟ್ಟು ದಾಳಿ ಮಾಡಿಸಬಹುದು.