ದಾಳಿಂಬೆ ಬೇರಿನ ತೊಗಟೆ: ಒಂದು ಔಷಧಿಯ ಚರಿತ್ರೆ

ಪವಿತ್ರ ಕುರ್‌ಆನ್ ಹೆಸರಿಸಿರುವ ಫಲಗಳಲ್ಲಿ ದಾಳಿಂಬೆಯೂ ಒಂದು. ಅದರ ಹಣ್ಣಿನ ಸವಿ ಬಲ್ಲ ನಮ್ಮಲ್ಲಿ ಅನೇಕರಿಗೆ ಅದರ ಬೇರಿನ ಚರಿತ್ರೆ ತಿಳಿದಿಲ್ಲ.

ಈ ಬೇರಿನ ಕಷಾಯವು ಕರುಳಿನ ಲಾಡಿಹುಳುವನ್ನು ಹೊರಹಾಕುತ್ತದೆಂದು ಒಂದನೇ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್ ದಾಖಲಿಸಿದ್ದನು. 9ನೇ ಶತಮಾನದ ಬಗ್ದಾದಿನಲ್ಲಿ ಅವನ ಗ್ರಂಥವು ಅರಬಿ ಭಾಷೆಗೆ ಬಂದಿತು. ಆ ಅನುವಾದವನ್ನು ಪರಿಷ್ಕರಿಸಿದವರು ಕ್ರೈಸ್ತ ವಿದ್ವಾಂಸ ಹುನೈನ್ ಇಬ್ನ್ ಇಸ್‌ಹಾಕ್. ಜ್ಞಾನವು ಎಲ್ಲಿಂದ ಬಂದರೂ ಸ್ವೀಕರಿಸುವ ಔದಾರ್ಯ ಆ ಕಾಲಕ್ಕಿತ್ತು. ಅರಬಿ ವೈದ್ಯರು ಲಾಡಿಹುಳುವಿನ ತುಂಡುಗಳನ್ನು ಸೋರೆಬೀಜಕ್ಕೆ ಹೋಲಿಸಿ, ಅದೇ ಹೆಸರಿನಿಂದ ಕರೆದರು. 11ನೇ ಶತಮಾನದಲ್ಲಿ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಕರುಳಿನ ಹುಳುಗಳನ್ನು ಆಕಾರಕ್ಕನುಗುಣವಾಗಿ ವಿಂಗಡಿಸಿದರು.

ಕಾಲಾಂತರದಲ್ಲಿ ಯುರೋಪು ಈ ಮದ್ದನ್ನು ಬಹುಮಟ್ಟಿಗೆ ಮರೆಯಿತು. ಆದರೆ ಭಾರತದಲ್ಲಿ ಅದರ ಬಳಕೆ ಉಳಿದಿತ್ತು. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಂದಲೇ ಅದರ ಗುಣವನ್ನು ಯುರೋಪಿಗೆ ಪುನಃ ಪರಿಚಯಿಸಿದರು. 1878ರಲ್ಲಿ ಫ್ರಾನ್ಸಿನ ಶಾರ್ಲ್ ಟಾನ್ರೆ ಆ ತೊಗಟೆಯಿಂದ ಪೆಲೆಟಿಯೆರಿನ್ ಎಂಬ ಸತ್ವವನ್ನು ಬೇರ್ಪಡಿಸಿದರು.

ಆದರೆ ಹುಳುವಿಗೆ ವಿಷವಾದುದು ರೋಗಿಗೂ ವಿಷವಾಗಬಲ್ಲುದು. ಪ್ರಮಾಣ ಮೀರಿದರೆ ವಾಂತಿ, ತಲೆಸುತ್ತು, ದೃಷ್ಟಿದೋಷಗಳು ತಲೆದೋರುತ್ತಿದ್ದವು. ಬೇರಿನ ಸತ್ವವು ಗಿಡದಿಂದ ಗಿಡಕ್ಕೆ ಬದಲಾಗುವುದರಿಂದ ಮನೆಯ ಕಷಾಯದಲ್ಲಿ ಅದನ್ನು ಅಳೆಯುವುದು ಅಸಾಧ್ಯ. ಆದುದರಿಂದಲೇ ಇಂದು ನಿಕ್ಲೋಸಮೈಡ್, ಪ್ರಾಜಿಕ್ವಾಂಟೆಲ್‌ಗಳಂತಹ ನಿಶ್ಚಿತ ಪ್ರಮಾಣದ ಔಷಧಿಗಳು ಅದರ ಸ್ಥಾನವನ್ನು ಪಡೆದಿವೆ.

ಪೂರ್ವಿಕರನ್ನು ಗೌರವಿಸುವುದೆಂದರೆ ಅವರ ಕಷಾಯವನ್ನು ಮಕ್ಕಳಿಗೆ ಕುಡಿಸುವುದಲ್ಲ. ಅವರಂತೆ ಪರೀಕ್ಷಿಸುವುದು, ಕಲಿಯುವುದು, ಬಲ್ಲವರನ್ನು ಕೇಳುವುದು.