ಪಾರ್ಡ್ನರ್: ಕಾಗದವಿಲ್ಲದ ಬ್ಯಾಂಕಿನ ಚರಿತ್ರೆ

ವ್ಯಾಪಾರದ ಚರಿತ್ರೆ ಬರೆಯುವವರಿಗೆ ಕಾಗದವೇ ಆಧಾರ. ಲೆಕ್ಕದ ಪುಸ್ತಕ, ಸಾಲಪತ್ರ, ಕಂಪನಿಯ ನೋಂದಣಿ, ಕೋರ್ಟಿನ ದಾವೆ ಇವುಗಳ ಬೆನ್ನು ಹತ್ತಿಯೇ ನಾವು ನಡೆಯುತ್ತೇವೆ. ಆದರೆ ಕಳೆದ ಶತಮಾನದ ನಡುವಿನಲ್ಲಿ ಕೆರಿಬಿಯನ್ ಪ್ರದೇಶದಿಂದ ಬ್ರಿಟನ್ನಿಗೆ ಹೋದ ಜನರನ್ನು ಕೈಹಿಡಿದು ನಡೆಸಿದ ಸಂಸ್ಥೆಯೊಂದು ಅಂಥ ಕಾಗದವನ್ನು ಹೆಚ್ಚೇನೂ ಉಳಿಸಿಲ್ಲ. ಜಮೈಕಾದವರು ಅದನ್ನು ಪಾರ್ಡ್ನರ್ ಎನ್ನುತ್ತಾರೆ, ಟ್ರಿನಿಡಾಡಿನವರು ಸುಸು, ಬಾರ್ಬಡೋಸಿನವರು ಮೀಟಿಂಗ್ ಟರ್ನ್, ಗಯಾನಾದವರು ಬಾಕ್ಸ್ ಹ್ಯಾಂಡ್. ನಾವಾದರೆ ಚೀಟಿ ಎನ್ನುತ್ತೇವೆ.

ಅದು ನಡೆಯುವ ರೀತಿ ಸರಳ. ಇಪ್ಪತ್ತು ಜನ ವಾರಕ್ಕೆ ಎರಡು ಪೌಂಡಿನಂತೆ ಹಾಕುತ್ತಾರೆ ಎಂದುಕೊಳ್ಳಿ. ಪ್ರತಿ ವಾರ ಒಬ್ಬರಿಗೆ ನಲವತ್ತು ಪೌಂಡಿನ ಗಂಟು ಸಿಗುತ್ತದೆ. ಇಪ್ಪತ್ತು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಹಣ ಸಂಗ್ರಹಿಸಿ ಸರದಿ ಗೊತ್ತುಮಾಡುವವರನ್ನು ಬ್ಯಾಂಕರ್ ಎನ್ನುತ್ತಾರೆ. ಬಹಳ ಸಲ ಅದು ಓಣಿಯಲ್ಲಿ ಎಲ್ಲರೂ ಬಲ್ಲ ಹೆಂಗಸು. ನಮ್ಮಲ್ಲಿ ಚೀಟಿ ಕೂಗುತ್ತಾರೆ. ಅವಸರವಿದ್ದವರು ನಷ್ಟಕ್ಕೆ ಎತ್ತುತ್ತಾರೆ, ಕಾದವರಿಗೆ ಲಾಭ ಹಂಚಿಕೆಯಾಗುತ್ತದೆ. ಪಾರ್ಡ್ನರಿನಲ್ಲಿ ಸಾಮಾನ್ಯವಾಗಿ ಕೂಗಾಟವಿಲ್ಲ, ಬಡ್ಡಿಯೂ ಇಲ್ಲ. ಮನೆಯಲ್ಲಿ ಸಾವಾಗಿದೆ, ಊರಿನಿಂದ ಮಗಳನ್ನು ಕರೆಸಬೇಕು ಎಂದರೆ ಬ್ಯಾಂಕರ್ ಸರದಿಯನ್ನು ಹಿಂದುಮುಂದು ಮಾಡುತ್ತಾಳೆ. ಹಾಗಾಗಿ ಯಾರ ಕಷ್ಟ ನಿಜ, ಯಾರು ಗಂಟು ಎತ್ತಿಕೊಂಡ ಮೇಲೂ ಕಟ್ಟುತ್ತಾರೆ ಎಂಬ ತಿಳಿವಳಿಕೆಯೇ ಅವಳ ಬಂಡವಾಳ. ನಮ್ಮಮ್ಮ ಬೀದಿಯಲ್ಲಿ ಚೀಟಿ ನಡೆಸುತ್ತಿದ್ದುದನ್ನು ನೋಡಿ ಬೆಳೆದ ನನಗೆ ಇದನ್ನು ಯಾವ ಗ್ರಂಥವೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸುಸು ಎಂಬ ಪದದ ಬೇರು ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಎಸುಸು ಎಂಬುದರಲ್ಲಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗುಲಾಮರ ಹಡಗಿನಲ್ಲಿ ಬಂದವರು ಕೈಯಲ್ಲಿ ಏನನ್ನೂ ತರಲಾಗಲಿಲ್ಲ. ಇದು ನೆನಪಿನಲ್ಲಿ ಬಂತು. ಅವರ ಮರಿಮಕ್ಕಳು ಅದನ್ನೇ ಮತ್ತೊಮ್ಮೆ ಅಟ್ಲಾಂಟಿಕ್ ದಾಟಿಸಿದರು.

1948ರ ಜೂನ್‌ನಲ್ಲಿ ಎಂಪೈರ್ ವಿಂಡ್‌ರಶ್ ಹಡಗು ಟಿಲ್ಬರಿಗೆ ಬಂದಾಗ ಅದರಲ್ಲಿದ್ದ ಕೆರಿಬಿಯನ್ನರು ಪರದೇಶಿಗಳಾಗಿರಲಿಲ್ಲ, ಬ್ರಿಟಿಷ್ ಪ್ರಜೆಗಳೇ ಆಗಿದ್ದರು. ಆದರೂ ಬಾಡಿಗೆ ಮನೆಯ ಬಾಗಿಲಲ್ಲಿ ಕರಿಯರಿಗೆ ಇಲ್ಲ ಎಂಬ ಫಲಕ. ಬ್ಯಾಂಕು, ಗೃಹಸಾಲ ಸಂಘಗಳಲ್ಲೂ ಹೆಚ್ಚುಕಡಿಮೆ ಅದೇ ಉತ್ತರ. 1965ರ ಜನಾಂಗ ಸಂಬಂಧಗಳ ಕಾಯಿದೆ ಮನೆ, ಕೆಲಸಗಳ ತಾರತಮ್ಯವನ್ನು ಮುಟ್ಟಲಿಲ್ಲ. ಅದಕ್ಕೆ 1968ರವರೆಗೆ ಕಾಯಬೇಕಾಯಿತು. ಈ ನಡುವಿನ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಮನೆಯ ಮುಂಗಡ ಹೊಂದಿಸಿದ್ದು ಪಾರ್ಡ್ನರ್ ಗಂಟಿನಿಂದ. ಕೊಂಡ ಮನೆಯ ಒಂದು ಕೋಣೆಯನ್ನು ಹೊಸದಾಗಿ ಬಂದ ಊರಿನವರಿಗೆ ಬಾಡಿಗೆಗೆ ಕೊಟ್ಟರೆ, ಆ ಬಾಡಿಗೆದಾರ ಮುಂದಿನ ಸುತ್ತಿನ ಸದಸ್ಯ.

ಜಾಲ ಹೆಣೆದುಕೊಂಡದ್ದು ಹಣದಿಂದ ಮಾತ್ರವಲ್ಲ. ಟ್ರಿನಿಡಾಡಿನಲ್ಲಿ ಹುಟ್ಟಿದ ಕ್ಲಾಡಿಯಾ ಜೋನ್ಸ್ 1958ರಲ್ಲಿ ಬ್ರಿಕ್ಸ್‌ಟನ್‌ನಿಂದ ವೆಸ್ಟ್ ಇಂಡಿಯನ್ ಗೆಜೆಟ್ ಪತ್ರಿಕೆ ಹೊರಡಿಸಿದರು. ಅದರ ಕಚೇರಿ ಇದ್ದದ್ದು ಗ್ರಾಮಫೋನ್ ತಟ್ಟೆಗಳ ಅಂಗಡಿಯೊಂದರ ಮಹಡಿಯ ಮೇಲೆ. ಲೆನ್ ಡೈಕ್ ಮತ್ತು ಡಡ್ಲಿ ಡ್ರೈಡನ್ ಎಂಬ ಇಬ್ಬರು ಜಮೈಕನ್ನರು 1965ರಲ್ಲಿ ತಟ್ಟೆ ಮಾರುತ್ತ ಶುರುಮಾಡಿದ ವ್ಯಾಪಾರ, ಮಾಂಟ್‌ಸೆರಾಟ್‌ನ ಟೋನಿ ವೇಡ್ ಸೇರಿಕೊಂಡ ಮೇಲೆ ಕಪ್ಪು ಜನರ ಕೂದಲಿಗೆ ಬೇಕಾದ ಎಣ್ಣೆ, ಕ್ರೀಮುಗಳ ದೊಡ್ಡ ಉದ್ಯಮವಾಯಿತು. ಬೇರೆ ಬೇರೆ ದ್ವೀಪದವರು ಲಂಡನ್ನಿನಲ್ಲಿ ಒಂದೇ ಗಿರಾಕಿ ವರ್ಗವಾದರು; ಪಾಲುದಾರರೂ ಆದರು.

ಈ ಸಣ್ಣ ಸುತ್ತುಗಳ ಪಕ್ಕದಲ್ಲಿ ಒಂದು ದೊಡ್ಡ ಕನಸನ್ನಿಟ್ಟು ನೋಡಬೇಕು. ಜಮೈಕಾದ ಮಾರ್ಕಸ್ ಗಾರ್ವಿ 1919ರಲ್ಲಿ ಅಮೆರಿಕದಲ್ಲಿ ಬ್ಲ್ಯಾಕ್ ಸ್ಟಾರ್ ಲೈನ್ ಹಡಗು ಕಂಪನಿ ಕಟ್ಟಿ, ಷೇರಿಗೆ ಐದು ಡಾಲರಿನಂತೆ ಸಾಮಾನ್ಯ ಕಪ್ಪು ಜನರಿಗೆ ಮಾರಿದರು. ಹಳೆಯ ಹಡಗುಗಳಿಗೆ ವಿಪರೀತ ಬೆಲೆ ತೆತ್ತು, ಆಡಳಿತ ಕೆಟ್ಟು, ಸರಕಾರದ ಕಣ್ಣೂ ಬಿದ್ದು 1922ರ ಹೊತ್ತಿಗೆ ಕಂಪನಿ ಮುಳುಗಿತು. ಷೇರು ಕೊಂಡವರಲ್ಲಿ ನಂಬಿಕೆಗೆ ಕೊರತೆಯಿರಲಿಲ್ಲ. ಹಣ ಎಲ್ಲಿ ಹೋಗುತ್ತಿದೆ ಎಂದು ಕಣ್ಣಾರೆ ನೋಡುವ ದಾರಿ ಇರಲಿಲ್ಲ, ಅಷ್ಟೆ. ಪಾರ್ಡ್ನರ್ ಉಳಿದದ್ದು ಅದು ಚಿಕ್ಕದಾಗಿದ್ದರಿಂದ. ಅದರ ಮಿತಿಯೂ ಅದೇ: ಇಪ್ಪತ್ತು ಜನರ ಗಂಟಿನಿಂದ ಅಂಗಡಿ ತೆರೆಯಬಹುದು, ಕಾರ್ಖಾನೆ ಕಟ್ಟಲಾಗದು.

ಇಲ್ಲಿ ಒಂದು ವಾದವನ್ನು ಎಚ್ಚರದಿಂದ ನೋಡಬೇಕೆನ್ನಿಸುತ್ತದೆ. 1972ರಲ್ಲಿ ಸಮಾಜಶಾಸ್ತ್ರಜ್ಞ ಐವನ್ ಲೈಟ್, ಕೆರಿಬಿಯನ್ ವಲಸಿಗರು ಈ ಚೀಟಿ ಪದ್ಧತಿಯನ್ನು ಉಳಿಸಿಕೊಂಡಿದ್ದರು, ಅಮೆರಿಕದ ಕಪ್ಪು ಜನ ಅದನ್ನು ಕಳೆದುಕೊಂಡಿದ್ದರು, ಇಬ್ಬರ ವ್ಯಾಪಾರದ ಅಂತರಕ್ಕೆ ಇದೊಂದು ಮುಖ್ಯ ಕಾರಣ ಎಂದರು. ದ್ವೀಪಗಳ ಗುಲಾಮರಿಗೆ ತುಂಡು ನೆಲದಲ್ಲಿ ಬೆಳೆದು ಭಾನುವಾರದ ಸಂತೆಯಲ್ಲಿ ಮಾರುವ ಅವಕಾಶವಿತ್ತು ಎಂಬುದು ನಿಜವೇ. ಆದರೆ ಈ ಮಾತು ಜನರ ಬಾಯಿಗೆ ಬಿದ್ದಾಗ, ಅವರು ಶ್ರಮಜೀವಿಗಳು, ಇವರು ಸೋಮಾರಿಗಳು ಎಂಬ ಚುಚ್ಚುಮಾತಾಗುತ್ತದೆ. ಸುಜಾನ್ ಮಾಡೆಲ್ 2008ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ವಲಸೆ ಹೊರಡುವವರೇ ಒಂದು ಆಯ್ದ ಗುಂಪು. ಊರು ಬಿಟ್ಟವರನ್ನು ಊರಲ್ಲೇ ಇದ್ದವರೊಡನೆ ತೂಗುವ ತಕ್ಕಡಿಯೇ ಸರಿಯಿಲ್ಲ. ಬಾಗಿಲು ಮುಚ್ಚಿದವರನ್ನು ಬಿಟ್ಟು, ಕಿಟಕಿ ಹುಡುಕಿದವರ ಜಾಣತನವನ್ನಷ್ಟೇ ಹೊಗಳುವುದು ಚರಿತ್ರೆಯಲ್ಲ.

ಮುಖಪರಿಚಯದ ಮೇಲೆ ನಡೆದ ಈ ಬದುಕಿಗೆ ಕಾಗದ ಕೊನೆಗೂ ಅಡ್ಡ ಬಂತು. 1973ಕ್ಕಿಂತ ಮೊದಲು ಬಂದು ನೆಲೆಸಿದವರಿಗೆ ಕಾನೂನು ವಾಸದ ಹಕ್ಕು ಕೊಟ್ಟಿತ್ತು, ಎಲ್ಲರಿಗೂ ದಾಖಲೆ ಕೊಟ್ಟಿರಲಿಲ್ಲ. ಹಳೆಯ ಆಗಮನ ಚೀಟಿಗಳನ್ನು ಗೃಹ ಇಲಾಖೆ 2010ರಲ್ಲಿ ನಾಶಮಾಡಿತು. ಆಮೇಲಿನ ಕಾನೂನುಗಳು ಕೆಲಸ, ಮನೆ, ಆಸ್ಪತ್ರೆ ಎಲ್ಲದಕ್ಕೂ ಪುರಾವೆ ಕೇಳತೊಡಗಿದವು. ಜೀವಮಾನವಿಡೀ ತೆರಿಗೆ ಕಟ್ಟಿದವರು ಕೆಲಸ ಕಳೆದುಕೊಂಡರು, ಕೆಲವರನ್ನು ಗಡೀಪಾರು ಮಾಡಲಾಯಿತು. 2018ರಲ್ಲಿ ಇದು ದೊಡ್ಡ ಹಗರಣವಾಗಿ ಹೊರಬಂತು.

ಪಾರ್ಡ್ನರ್ ನಡೆಸಿದ ಹೆಂಗಸು ಇಂಥ ಪುರಾವೆ ಕೇಳಿದವಳಲ್ಲ. ಯಾರು ಯಾವ ಮನೆಯಲ್ಲಿದ್ದಾರೆ, ಯಾವಾಗ ಬಂದರು, ಎಷ್ಟು ಕಟ್ಟಿದ್ದಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಆ ನೆನಪುಗಳನ್ನು ಹೊತ್ತ ತಲೆಮಾರು ಈಗ ಮುಗಿಯುತ್ತ ಬಂದಿದೆ. ಕಡತದ ಕೋಣೆಯಲ್ಲಿ ಸಿಗದ್ದನ್ನು ಅಡುಗೆಮನೆಯ ಮೇಜಿನ ಮುಂದೆ ಕೂತು ಕೇಳಿ ಬರೆದುಕೊಳ್ಳಬೇಕಾದ ಕೆಲಸ ನನ್ನಂಥವರ ಪಾಲಿಗೆ ಬಂದಿದೆ, ಅದಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ.