ನಾಲ್ಕನೆಯ ಕರಡು

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೆ ಗೂಳೂರು ಸಿಗುತ್ತದೆ. ಸುತ್ತಲಿನ ಜನಕ್ಕೆ ಇದು ದೊಡ್ಡ ಗಣಪನ ಊರು. ಕನ್ನಡ ಎಂ.ಎ. ಓದಿದವರಿಗೆ ಇನ್ನೊಂದು ಕಾರಣಕ್ಕೂ ನೆನಪಿರುತ್ತದೆ. ನಾವು ಇಂದು ಸಾಮಾನ್ಯವಾಗಿ ಓದುವ ‘ಶೂನ್ಯಸಂಪಾದನೆ’ ಗೂಳೂರು ಸಿದ್ಧವೀರಣಾರ್ಯರದು. ಅದು ಆ ಹೆಸರಿನ ಮೊದಲ ಗ್ರಂಥವಲ್ಲ, ನಾಲ್ಕನೆಯದು.

ಬರವಣಿಗೆ ಸುಧಾರಿಸುವುದು ಹೇಗೆ ಎಂದು ಕೇಳಿದವರಿಗೆಲ್ಲ ನಾವು ‘ದಿನಾ ಬರೆಯಿರಿ’ ಎನ್ನುತ್ತೇವೆ. ಈ ನಾಲ್ಕನೆಯ ಪುಸ್ತಕವನ್ನು ಹಿಂದಿನ ಮೂರರ ಜೊತೆಗಿಟ್ಟು ನೋಡತೊಡಗಿದ ಮೇಲೆ ಆ ಉತ್ತರ ಸಾಲದು ಅನ್ನಿಸಿದೆ.

ವಚನಗಳು 12ನೆಯ ಶತಮಾನದವು. ಕಲ್ಯಾಣ ಚದುರಿದ ಮೇಲೆ ಅವೂ ಚದುರಿದವು. 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಹೊತ್ತಿಗೆ, ಅವನ್ನು ಕೂಡಿಸುವ ಕೆಲಸ ಬಿರುಸಾಯಿತು. ಸ್ಥಲಗಳ ಪ್ರಕಾರ ಜೋಡಿಸುವುದು ಒಂದು ಕ್ರಮ. ಶಿವಗಣಪ್ರಸಾದಿ ಮಹಾದೇವಯ್ಯನವರು ಬೇರೆ ದಾರಿ ಹಿಡಿದರು. ಅಲ್ಲಮನನ್ನು ನಡುವೆ ನಿಲ್ಲಿಸಿ ಶರಣರನ್ನು ಮಾತಿಗೆ ಕೂರಿಸಿದರು. ಎಲ್ಲೋ ಬಿಡಿಯಾಗಿ ಹುಟ್ಟಿದ ವಚನ ಇಲ್ಲಿ ಒಂದು ಪ್ರಶ್ನೆಯಾಯಿತು, ಇನ್ನೊಂದು ಅದಕ್ಕೆ ಉತ್ತರವಾಯಿತು. ವಚನ ಅವರದಲ್ಲ. ಯಾವುದರ ಮುಂದೆ ಯಾವುದು ಎಂಬ ತೀರ್ಮಾನ ಮತ್ತು ನಡುವೆ ಸೇತುವೆಯಂತೆ ಬರುವ ಗದ್ಯ ಅವರವು.

ಮುಂದೆ ಇದೇ ಕೆಲಸವನ್ನು ಇನ್ನೂ ಮೂವರು ಮಾಡಿದರು. ಮಹಾದೇವಯ್ಯನವರಲ್ಲಿ 1012 ವಚನಗಳಿವೆ. ಹಲಗೆಯಾರ್ಯರಲ್ಲಿ 1599, ಗುಮ್ಮಳಾಪುರದ ಸಿದ್ಧಲಿಂಗಯತಿಗಳಲ್ಲಿ 1439, ಗೂಳೂರು ಸಿದ್ಧವೀರಣಾರ್ಯರಲ್ಲಿ 1543. ಎರಡನೆಯದರಲ್ಲಿ ಏರಿದ ಸಂಖ್ಯೆ ಮೂರನೆಯದರಲ್ಲಿ 160ರಷ್ಟು ಇಳಿದು ಮತ್ತೆ ಏರಿದೆ. ಹಿಂದಿನದಕ್ಕೆ ಇನ್ನಷ್ಟು ತುಂಬುವುದೇ ಗುರಿಯಾಗಿದ್ದರೆ ಇದು ಏರುತ್ತಲೇ ಹೋಗಬೇಕಿತ್ತು. ಬಿಡುವುದೂ ಇವರ ಕೆಲಸದ ಭಾಗವಾಗಿತ್ತು.

ಸಿದ್ಧವೀರಣಾರ್ಯರು ಒಂಟಿಯಾಗಿ ಕೂತು ಬರೆದವರಲ್ಲ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತು ‘ತೋಂಟದ’ ಎಂಬ ಹೆಸರು ಪಡೆದ ಸಿದ್ಧಲಿಂಗಯತಿಗಳ ಗದ್ದುಗೆ ಎಡೆಯೂರಿನಲ್ಲಿದೆ. ಅವರೇ 701 ವಚನಗಳನ್ನು ಬರೆದವರು. ಅವರ ಶಿಷ್ಯ ಬೋಳಬಸವೇಶ್ವರರು, ಬೋಳಬಸವೇಶ್ವರರ ಶಿಷ್ಯ ಸಿದ್ಧವೀರಣಾರ್ಯರು. ಇತ್ತ ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ‘ಭಾವಚಿಂತಾರತ್ನ’ ಮುಗಿಸಿ, 1530ರಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ‘ವೀರಶೈವಾಮೃತ ಪುರಾಣ’ ಬರೆದ. ಈಗ ಒಂದೇ ದಿನ ಬಸ್ಸಿನಲ್ಲಿ ಸುತ್ತಿ ಬರಬಹುದಾದ ಈ ಊರುಗಳಲ್ಲಿ ಬರೆಯುವವರು, ಓದಿ ಒರೆಗೆ ಹಚ್ಚುವವರು ಇಬ್ಬರೂ ಇದ್ದರು.

ಬರೆಯುವ ಸಾಧನವನ್ನೂ ನೆನೆಯಬೇಕು. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಮೇಲೆ ಮಸಿ ತಿಕ್ಕಿದರೆ ಅಕ್ಷರ ಕಾಣುತ್ತದೆ. ಕೊರೆದದ್ದನ್ನು ಅಳಿಸಲಾಗದು. ಇಡೀ ಜೋಡಣೆ ಬದಲಿಸಬೇಕೆಂದರೆ ಹೊಸ ಗರಿಗಳನ್ನೇ ಹಿಡಿಯಬೇಕು. ಹೀಗಿರುವಾಗ ಸಾವಿರಕ್ಕೂ ಮಿಕ್ಕಿದ ವಚನಗಳ ಗ್ರಂಥವನ್ನು ಮತ್ತೆ ಕಟ್ಟಲು ಹೊರಟವರಿಗೆ ಹಿಂದಿನದರಲ್ಲಿ ಏನು ಸರಿಯಿಲ್ಲ ಎಂಬುದು ಮೊದಲೇ ಖಚಿತವಾಗಿ ಗೊತ್ತಿರಬೇಕು.

ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಬರೆದ ಪ್ರಬಂಧದ ತಿರುಳೂ ಇಂಥದ್ದೇ. ಸುಮ್ಮನೆ ನುಡಿಸುತ್ತಾ ಹೋಗುವುದು ಬೇರೆ. ಇಂಥದ್ದೇ ಕೊರತೆ ಎಂದು ಗುರುತಿಸಿ, ಅದನ್ನೇ ಹಿಡಿದು ತಿದ್ದುತ್ತಾ ಮಾಡುವ ಅಭ್ಯಾಸ ಬೇರೆ. ಬರವಣಿಗೆಯಲ್ಲಿ ಇದಕ್ಕೆ ಹೆಸರಾಂತ ಉದಾಹರಣೆ ಬೆಂಜಮಿನ್ ಫ್ರಾಂಕ್ಲಿನ್. ಹುಡುಗನಾಗಿದ್ದಾಗ ಅವನ ಬರಹದಲ್ಲಿ ಕ್ರಮವಿಲ್ಲ, ಸ್ಪಷ್ಟತೆಯಿಲ್ಲ ಎಂದು ಅಪ್ಪ ತೋರಿಸಿಕೊಟ್ಟ. ಹುಡುಗ ‘ಸ್ಪೆಕ್ಟೇಟರ್’ ಪತ್ರಿಕೆಯ ಪ್ರಬಂಧಗಳ ಸಾರವನ್ನು ಚೂರು ಚೂರಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು ತನ್ನ ಮಾತಿನಲ್ಲಿ ಪೂರ್ತಿ ಬರೆದು, ಮೂಲದ ಜೊತೆ ಹೋಲಿಸಿ ತಪ್ಪು ತಿದ್ದಿಕೊಂಡ. ಕೆಲವೊಮ್ಮೆ ಆ ಚೂರುಗಳನ್ನು ಬೇಕೆಂದೇ ಕಲಸಿಟ್ಟು, ವಾರಗಳ ನಂತರ ಕ್ರಮಕ್ಕೆ ತರುತ್ತಿದ್ದ. ವಿಚಾರಗಳನ್ನು ಜೋಡಿಸುವುದನ್ನು ಕಲಿಯಲು ಅವನು ಕಂಡುಕೊಂಡ ದಾರಿ ಅದು.

ಸಂಪಾದನಕಾರರ ಮುಂದೆ ಇದ್ದದ್ದೂ ಬಿಡಿ ಚೂರುಗಳೇ. ಬೇಕೆಂದು ಕಲಸಿದ್ದಲ್ಲ, ಕಾಲ ಕಲಸಿಟ್ಟದ್ದು. ಹೋಲಿಸಿ ನೋಡಲು ಫ್ರಾಂಕ್ಲಿನ್‌ಗೆ ಮೂಲವಿತ್ತು. ಇವರಿಗೆ ಇದ್ದದ್ದು ಹಿಂದಿನವರು ಕಟ್ಟಿದ ಕ್ರಮ ಮಾತ್ರ.

ಆದರೆ ತಿದ್ದುವುದೆಲ್ಲ ಬರೀ ಕಲೆಗಾರಿಕೆಯಲ್ಲ. ಸಿದ್ಧರಾಮನ ಪ್ರಸಂಗ ನೋಡಿ. ಸೊನ್ನಲಿಗೆಯಲ್ಲಿ ಕೆರೆ, ಗುಡಿ ಕಟ್ಟಿಸುತ್ತಿದ್ದ ಕರ್ಮಯೋಗಿ ಅವನು. ಅಲ್ಲಮನ ಜೊತೆ ಕಲ್ಯಾಣಕ್ಕೆ ಬರುತ್ತಾನೆ. ಅವನಿಗೆ ಇಷ್ಟಲಿಂಗ ದೀಕ್ಷೆ ಆಯಿತೇ, ಇಲ್ಲವೇ? ಮೊದಲ ಸಂಪಾದನೆಯಲ್ಲಿ ಇಲ್ಲದ ದೀಕ್ಷೆಯ ಸಂದರ್ಭ ಗೂಳೂರಿನ ಸಂಪಾದನೆಯಲ್ಲಿದೆ. ಈ ನಾಲ್ಕು ಗ್ರಂಥಗಳ ನಡುವಿನ ದೊಡ್ಡ ವ್ಯತ್ಯಾಸಗಳಲ್ಲಿ ಇದೂ ಒಂದು. 16ನೆಯ ಶತಮಾನದ ವಿರಕ್ತ ಪರಂಪರೆಗೆ ದೀಕ್ಷೆಯಿಲ್ಲದ ಸಿದ್ಧರಾಮ ಒಂದು ಕೊರತೆಯಾಗಿ ಕಂಡಿರಬೇಕು. ಅದನ್ನು ತುಂಬಿದ ಮೇಲೆ ಕಥೆಗೆ ಒಪ್ಪ ಬಂತು. ಜೊತೆಗೆ, ಯಾವ ಚೌಕಟ್ಟಿಗೂ ಪೂರ್ತಿ ಒಗ್ಗದೆ ನಿಂತಿದ್ದ ಒಬ್ಬ ಮನುಷ್ಯ ಚೌಕಟ್ಟಿನೊಳಕ್ಕೆ ಬಂದ. ನಾಲ್ಕನೆಯದು ಹೆಚ್ಚು ಪೂರ್ಣವಾದ ಗ್ರಂಥ. ಸಿದ್ಧರಾಮನ ಆ ಒರಟು ಒಂಟಿತನ ಬೇಕೆಂದರೆ ಮಾತ್ರ ನಾನು ಮೊದಲನೆಯದಕ್ಕೇ ಹಿಂತಿರುಗುತ್ತೇನೆ.

ಹಾಗೆ ಹಿಂತಿರುಗಲು ಸಾಧ್ಯವಾಗಿರುವುದು ನಾಲ್ಕೂ ಉಳಿದು ಬಂದಿರುವುದರಿಂದ. ಹೊಸದು ಬಂತೆಂದು ಹಳೆಯದನ್ನು ಯಾರೂ ಹೊಳೆಗೆ ಹಾಕಲಿಲ್ಲ, ಪ್ರತಿ ಮಾಡಿ ಇಟ್ಟುಕೊಂಡರು. ನಾನು ಕಂಪ್ಯೂಟರಿನಲ್ಲಿ ಪ್ರಬಂಧ ಬರೆಯುವಾಗ ನಿನ್ನೆಯ ವಾಕ್ಯದ ಮೇಲೇ ಇಂದಿನದನ್ನು ಬರೆದು ಉಳಿಸುತ್ತಿದ್ದೆ. ಐದು ಸಲ ತಿದ್ದಿದ ಅಧ್ಯಾಯ ಮೊದಲಿಗಿಂತ ಚೆನ್ನಾಗಿದೆಯೋ, ಬರೀ ನುಣುಪಾಗಿದೆಯೋ ಎಂದು ಹೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ಈಗ ಪ್ರತಿ ಕರಡಿಗೂ ಸಂಖ್ಯೆ ಹಾಕಿ ಬೇರೆಯಾಗಿ ಇಡುತ್ತೇನೆ. ಹೊಸದರ ನೆತ್ತಿಯ ಮೇಲೆ, ಈ ಸಲ ಯಾವುದನ್ನು ಸರಿಮಾಡಲು ಕೂತಿದ್ದೇನೆ ಎಂದು ಒಂದೇ ಸಾಲು ಬರೆದುಕೊಳ್ಳುತ್ತೇನೆ. ಆ ಸಾಲು ಹೊಳೆಯದ ದಿನ ಕರಡನ್ನು ಮುಟ್ಟುವುದಿಲ್ಲ. ಮುಗಿದ ಮೇಲೆ ಹಳೆಯದನ್ನು ಪಕ್ಕದಲ್ಲಿ ತೆರೆದು ಓದುತ್ತೇನೆ. ಎರಡು ಸಲ ಹಳೆಯದರಿಂದ ಒಂದೊಂದು ಪ್ಯಾರಾ ವಾಪಸ್ ತಂದಿದ್ದೇನೆ.